ಮೂರೂವರೆ ಗಂಟೆಯೆಂಬ ಸುಳ್ಳು

ನಮ್ಮೂರ ವಾಚನಾಲಯದ ವಾರ್ಷಿಕೋತ್ಸವದಲ್ಲಿ ಭಾಷಣಕಾರರೊಬ್ಬರು ಆಡಿದ ಮಾತೇ ಈ ಲೇಖನಕ್ಕೆ ಕಾರಣ. "ಕಾಸರಗೋಡಿನಿಂದ ತಿರುವನಂತಪುರಕ್ಕೆ ಎಷ್ಟೇ ವೇಗದ ರೈಲು ಹಿಡಿದರೂ ಎಂಟು ಗಂಟೆ ಬೇಕು. ಮಂಗಳೂರಿನಿಂದ ದುಬೈಗೆ ಮೂರೂವರೆ ಗಂಟೆ. ಹಾಗಾದರೆ ನಮಗೆ ಹತ್ತಿರದ ಪಟ್ಟಣ ಯಾವುದು, ನೀವೇ ಹೇಳಿ" ಎಂದರು. ಸಭೆ ನಕ್ಕಿತು, ಚಪ್ಪಾಳೆಯೂ ಬಿತ್ತು. ಇಬ್ಬರು ಗಂಡುಮಕ್ಕಳನ್ನು ಕೊಲ್ಲಿಯ ನಾಡಿಗೆ ಕಳುಹಿಸಿ ಮನೆಯಲ್ಲಿ ಹೆಂಡತಿಯೊಡನೆ ಒಂಟಿಯಾಗಿ ಉಳಿದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಅವರೂ ನಕ್ಕರು. ನನಗೆ ನಗಲು ಆಗಲಿಲ್ಲ.

ಭಾಷಣಕಾರರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತು ಅವರೊಬ್ಬರದ್ದಲ್ಲ, ನಮ್ಮೆಲ್ಲರದ್ದು. ಮದುವೆಯ ಚಪ್ಪರದಲ್ಲಿ, ಅಡಿಕೆ ಸುಲಿಯುವ ಜಗಲಿಯಲ್ಲಿ, ಬಸ್ಸು ಕಾಯುವ ಕಟ್ಟೆಯಲ್ಲಿ ನಾವು ದಿನಕ್ಕೊಮ್ಮೆಯಾದರೂ ಅದನ್ನು ಆಡುತ್ತೇವೆ. "ಎಂಥ ದೂರ ಮಾರಾಯಾ, ಮೂರೂವರೆ ಗಂಟೆ. ಇಲ್ಲಿ ಊಟ ಮಾಡಿ ಹೊರಟರೆ ಅಲ್ಲಿ ಚಾ ಕುಡಿಯಬಹುದು." ಮಗನನ್ನು ಕಳುಹಿಸುವ ತಾಯಿಗೆ ಸಮಾಧಾನ ಹೇಳುವುದಕ್ಕೆ ಈ ಮಾತು ಬೇಕು. ಹೆಣ್ಣು ಕೊಡಲು ಹಿಂಜರಿಯುವ ಮಾವನನ್ನು ಒಪ್ಪಿಸುವುದಕ್ಕೆ ಬೇಕು. ಟಿಕೇಟು ಮಾರುವವನಿಗಂತೂ ಬೇಕೇ ಬೇಕು. ಎಲ್ಲರಿಗೂ ಬೇಕಾದ ಮಾತು ಎಂಬ ಒಂದೇ ಕಾರಣಕ್ಕೆ ಅದನ್ನು ಯಾರೂ ತಡೆದು ನಿಲ್ಲಿಸಿ ಕೇಳಿಲ್ಲ. ನಾನು ಕೇಳಬೇಕೆಂದಿದ್ದೇನೆ. ಈ ಮೂರೂವರೆ ಗಂಟೆ ಯಾರದ್ದು?

ಮೊದಲು ಲೆಕ್ಕವನ್ನೇ ನೋಡೋಣ. ಲೆಕ್ಕದಲ್ಲಿ ತಪ್ಪಿಲ್ಲವೆಂದು ನಾನೇ ಒಪ್ಪಿಬಿಡುತ್ತೇನೆ. ಶಾಲೆಯ ಭೂಗೋಳದ ಗುಂಡಿನ ಮೇಲೆ ಎರಡು ಊರುಗಳಿಗೆ ನೂಲೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದೇ ಅತಿ ಹತ್ತಿರದ ದಾರಿ. ಹಾಗೆ ಅಳೆದರೆ ಬಜಪೆಯ ವಿಮಾನ ನಿಲ್ದಾಣದಿಂದ ದುಬೈಯ ನಿಲ್ದಾಣಕ್ಕೆ ಸುಮಾರು 2,460 ಕಿಲೋಮೀಟರ್. ವಿಮಾನ ನೂಲಿನ ಮೇಲೆಯೇ ಹೋಗುವುದಿಲ್ಲ. ಆಕಾಶದಲ್ಲಿಯೂ ಗೊತ್ತುಪಡಿಸಿದ ದಾರಿಗಳುಂಟು, ತಿರುವುಗಳುಂಟು. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಎಂಟುನೂರು ಚಿಲ್ಲರೆ ಕಿಲೋಮೀಟರ್ ವೇಗದಲ್ಲಿ ಅದು ಹಾರುತ್ತದೆ. ಏರುವ, ಇಳಿಯುವ, ನೆಲದ ಮೇಲೆ ಉರುಳುವ ಹೊತ್ತನ್ನು ಸೇರಿಸಿದರೆ ಮೂರೂವರೆ ಗಂಟೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಡುವಣದಿಂದ ಮೂಡಣಕ್ಕೆ ಜೋರಾಗಿ ಬೀಸುವುದರಿಂದ ಹೋಗುವಾಗ ತುಸು ಹೆಚ್ಚು, ಬರುವಾಗ ತುಸು ಕಡಿಮೆ. ಅಷ್ಟೇ.

ಟಿಕೇಟಿನ ಮೇಲೆ ಇನ್ನೊಂದು ಚಮತ್ಕಾರವುಂಟು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ ಎಂಟಕ್ಕೆ ಮಂಗಳೂರಿನಿಂದ ಹೊರಟವನು ಅಲ್ಲಿಯ ಹತ್ತಕ್ಕೆ ಇಳಿಯುತ್ತಾನೆ. ಟಿಕೇಟು ನೋಡಿದವರಿಗೆ ಎರಡೇ ಗಂಟೆ. ಮರಳಿ ಬರುವಾಗ ಅಲ್ಲಿಯ ಹನ್ನೊಂದಕ್ಕೆ ಹೊರಟು ಇಲ್ಲಿಯ ನಾಲ್ಕಕ್ಕೆ ತಲುಪಿದರೆ ಐದು ಗಂಟೆ. ನನ್ನ ಅಮ್ಮ ಮೊದಲ ಸಲ ಅಣ್ಣನ ಟಿಕೇಟು ನೋಡಿದಾಗ ಕೇಳಿದ್ದರು: "ಹೋಗುವುದು ಬೇಗ, ಬರುವುದು ತಡ. ಹೀಗ್ಯಾಕೆ?" ನಾವು ನಕ್ಕು, ಭೂಮಿ ತಿರುಗುವ ವಿಚಾರ ವಿವರಿಸಿದ್ದೆವು. ಅವರ ಪ್ರಶ್ನೆಗೆ ಬೇರೆಯೇ ಅರ್ಥವಿತ್ತೆಂದು ನನಗೆ ಹೊಳೆಯಲು ಹಲವು ವರ್ಷ ಬೇಕಾಯಿತು.

ಈ ಮೂರೂವರೆ ಗಂಟೆ ವಿಮಾನದ್ದು, ಮನುಷ್ಯನದ್ದಲ್ಲ ಎಂಬುದು ನನ್ನ ಮೊದಲ ತಕರಾರು. ಬದಿಯಡ್ಕದ ಕಡೆಯ ಒಂದು ಮನೆಯಿಂದ ಬಜಪೆಗೆ ಅರುವತ್ತು ಎಪ್ಪತ್ತು ಕಿಲೋಮೀಟರ್. ಹೆದ್ದಾರಿ ಕೆಲಸ, ತಲಪಾಡಿಯ ಸಾಲು, ಮಂಗಳೂರಿನ ಗುಂಪು ಎಲ್ಲ ಸೇರಿ ಎರಡೂವರೆ ಗಂಟೆ. ವಿಮಾನ ಏಳುವ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಯ ಸಾಲು, ಆಮೇಲೆ ಕಾರ್ಮಿಕರ ಬಿಡಾರದವರೆಗಿನ ದಾರಿ. ಮನೆಯ ಮೆಟ್ಟಿಲಿನಿಂದ ಕೋಣೆಯ ಬಾಗಿಲಿಗೆ ಹತ್ತು ಹನ್ನೊಂದು ಗಂಟೆ. ಇದೂ ದೊಡ್ಡ ವಿಷಯವಲ್ಲ. ಹನ್ನೊಂದು ಗಂಟೆಯನ್ನು ಮೂರೂವರೆ ಎನ್ನುವುದು ನಾವೆಲ್ಲ ಕ್ಷಮಿಸಬಹುದಾದ ಸಣ್ಣ ಉತ್ಪ್ರೇಕ್ಷೆ. ಕ್ಷಮಿಸಲಾಗದ ಸುಳ್ಳು ಇದರ ಆಚೆಗಿದೆ.

* * *

ನನ್ನ ಅಪ್ಪ ತೀರಿಕೊಂಡದ್ದು 2014ರ ಮಳೆಗಾಲದಲ್ಲಿ, ಒಂದು ಶುಕ್ರವಾರ ಬೆಳಗಿನ ಜಾವ ಐದು ಗಂಟೆಗೆ. ಅಣ್ಣ ದುಬೈಯ ಒಂದು ಗುತ್ತಿಗೆ ಕಂಪೆನಿಯಲ್ಲಿ ಲೆಕ್ಕ ಬರೆಯುತ್ತಿದ್ದ. ನಾನು ಫೋನು ಮಾಡಿದಾಗ ಅಲ್ಲಿ ಮೂರೂವರೆ. ಹೌದು, ಅಲ್ಲಿಯೂ ಮೂರೂವರೆಯೇ. "ನಾನು ಬರುವವರೆಗೆ ತೆಗೆಯಬೇಡಿ" ಎಂದಷ್ಟೇ ಹೇಳಿ ಇಟ್ಟ. ನಾವು ಲೆಕ್ಕ ಹಾಕಿದೆವು. ಬೆಳಗ್ಗಿನ ವಿಮಾನ ಸಿಕ್ಕಿದರೆ ಸಂಜೆಯೊಳಗೆ ಮನೆಯಲ್ಲಿರುತ್ತಾನೆ. ಮೂರೂವರೆ ಗಂಟೆ ತಾನೇ?

ಅವನ ಪಾಸ್‌ಪೋರ್ಟು ಅವನ ಕೈಯಲ್ಲಿರಲಿಲ್ಲ. ಕಂಪೆನಿಯ ಆಫೀಸಿನ ಕಪಾಟಿನಲ್ಲಿತ್ತು. ಕೆಲಸಗಾರರ ಪಾಸ್‌ಪೋರ್ಟನ್ನು ಮಾಲಿಕ ಇಟ್ಟುಕೊಳ್ಳುವುದು ಆ ದೇಶದ ನಿಯಮಕ್ಕೇ ವಿರುದ್ಧ. ಆದರೂ ಇಟ್ಟುಕೊಳ್ಳುವವರು ಇಟ್ಟುಕೊಳ್ಳುತ್ತಿದ್ದರು. ಆಗ ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಕಪಾಟಿನ ಬೀಗದ ಕೈ ಇದ್ದವರು ಬೇರೆ ಊರಲ್ಲಿದ್ದರು. ಅಣ್ಣ ಬೆಳಗ್ಗಿನಿಂದ ಸಂಜೆಯವರೆಗೆ ಆ ಬೀಗದ ಕೈಯ ಹಿಂದೆ ತಿರುಗಿದ. ರಾತ್ರಿ ಪಾಸ್‌ಪೋರ್ಟು ಕೈಗೆ ಬಂದಾಗ ಮಂಗಳೂರಿನ ವಿಮಾನದಲ್ಲಿ ಜಾಗವಿರಲಿಲ್ಲ. ಅಲ್ಲಿಯ ಶಾಲೆಗಳಿಗೆ ರಜೆ ಸಿಕ್ಕಿ ಊರಿಗೆ ಹೊರಟವರಿಂದ ಎಲ್ಲವೂ ತುಂಬಿತ್ತು. ಕೊನೆಗೆ ಮೂರು ಪಾಲು ದುಡ್ಡು ಕೊಟ್ಟು ಶನಿವಾರ ಬೆಳಿಗ್ಗೆ ಅಲ್ಲಿಯ ಒಂಬತ್ತರ ಹೊತ್ತಿಗೆ ಕೊಚ್ಚಿಗೆ ಹೊರಡುವ ವಿಮಾನದಲ್ಲಿ ಒಂದು ಸೀಟು ಹಿಡಿದ.

ಇಲ್ಲಿ ಮಳೆ ಬಿಡುವು ಕೊಡಲಿಲ್ಲ. ಹಿರಿಯರು ಹೇಳಿದರು, ಇನ್ನು ಇಡುವುದು ಸರಿಯಲ್ಲ ಎಂದು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ, ಹಿರಿಯ ಮಗ ಮಾಡಬೇಕಾದ ಕೆಲಸವನ್ನು ನಾನು ಮಾಡಿದೆ. ಆ ಹೊತ್ತಿಗೆ ಅಣ್ಣನ ವಿಮಾನ ಅರಬ್ಬೀ ಸಮುದ್ರದ ಮೇಲಿತ್ತು. ಫೋನು ಬಂದ್ ಮಾಡಿ ಕುಳಿತಿದ್ದ ಅವನಿಗೆ ಕೊಚ್ಚಿಯಲ್ಲಿ ಇಳಿಯುವವರೆಗೆ ತಿಳಿಯಲಿಲ್ಲ. ಅಲ್ಲಿಂದ ರೈಲು ಹಿಡಿದು, ಕಾಸರಗೋಡಿನಲ್ಲಿ ಇಳಿದು, ಜೀಪು ಮಾಡಿಕೊಂಡು ಅವನು ಅಂಗಳಕ್ಕೆ ಕಾಲಿಟ್ಟಾಗ ರಾತ್ರಿ ಹನ್ನೆರಡೂವರೆ. ಚಿತೆಯ ಮೇಲೆ ಕಟ್ಟಿದ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಅವನು ಅಳಲಿಲ್ಲ. ಯಾರನ್ನೂ ದೂರಲಿಲ್ಲ. "ಯಾವ ಮಾವಿನ ಮರ ಕಡಿದದ್ದು?" ಎಂದು ಮಾತ್ರ ಕೇಳಿದ.

ಶುಕ್ರವಾರದ ಬೆಳಗಿನ ಐದರಿಂದ ಶನಿವಾರದ ನಡುರಾತ್ರಿ ಹನ್ನೆರಡೂವರೆಗೆ ಎಷ್ಟಾಯಿತು? ನಲವತ್ತಮೂರೂವರೆ ಗಂಟೆ. ನಾವು ಸದಾ ಹೇಳುತ್ತಿದ್ದ ಮೂರೂವರೆಯ ಹಿಂದೆ ಒಂದು ನಲವತ್ತು ಅಡಗಿ ಕುಳಿತಿತ್ತು. ಅದನ್ನು ಯಾವ ಟಿಕೇಟಿನ ಮೇಲೆಯೂ ಅಚ್ಚು ಹಾಕಿರಲಿಲ್ಲ.

ಆ ಕಂಪೆನಿಯನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅಣ್ಣ ಇನ್ನೂ ಆ ದೇಶದಲ್ಲೇ ಇದ್ದಾನೆ, ಆ ದೇಶದ ಅನ್ನವನ್ನು ನಾವು ಉಂಡಿದ್ದೇವೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಆ ನಲವತ್ತು ಗಂಟೆಗಳಲ್ಲಿ ಕಿಲೋಮೀಟರು ಒಂದೂ ಹೆಚ್ಚಿರಲಿಲ್ಲ. ಸಮುದ್ರ ಅಗಲವಾಗಿರಲಿಲ್ಲ. ವಿಮಾನ ನಿಧಾನವಾಗಿರಲಿಲ್ಲ. ಹೊರಡುವ ಅನುಮತಿ ಮಾತ್ರ ಇರಲಿಲ್ಲ. ದೂರ ಎಂದರೆ ಅದು. ಬೇಕೆಂದಾಗ ಎದ್ದು ಹೊರಡಲು ಆಗದಿರುವುದೇ ದೂರ. ಉಳಿದದ್ದು ಬರೀ ಅಂತರ.

* * *

"ಹಿಂದಿನವರ ಕಷ್ಟಕ್ಕಿಂತ ಇದು ಮೇಲಲ್ಲವೇ?" ಎಂದು ಕೇಳುವವರಿದ್ದಾರೆ. ಹಿಂದಿನವರನ್ನೇ ಕರೆಯೋಣ. ಎಂಟು ಶತಮಾನಗಳಿಗೂ ಹಿಂದೆ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ನಮ್ಮ ಮಂಗಳೂರಿನಲ್ಲಿ ಬಾಳಿದ್ದ. ಊರು ಟ್ಯುನೀಶಿಯ, ವ್ಯಾಪಾರದ ನಂಟು ಏಡನ್ ಬಂದರಿನದು. ಅವನಿಗೂ ಏಡನ್ನಿನ ಗೆಳೆಯರಿಗೂ ನಡೆದ ಪತ್ರವ್ಯವಹಾರದ ತುಣುಕುಗಳು ಕೈರೋದ ಹಳೆಯ ಸಿನಗಾಗೊಂದರ ಉಗ್ರಾಣದಲ್ಲಿ ಉಳಿದು ಬಂದಿವೆ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅವನ ಮತ್ತು ಅವನ ತುಳುನಾಡಿನ ಆಳಿನ ಜಾಡು ಹಿಡಿದು ಮಂಗಳೂರಿನವರೆಗೆ ಬಂದರು. ಆ ಕಾಲದಲ್ಲಿ ಹಾಯಿಹಡಗು ಗಾಳಿಯನ್ನು ಕಾಯಬೇಕಿತ್ತು. ಒಂದು ಗಾಳಿ ಬರಲಿಕ್ಕೆ, ಇನ್ನೊಂದು ಹೋಗಲಿಕ್ಕೆ. ನಡುವೆ ಮಳೆಗಾಲದಲ್ಲಿ ಕಡಲು ಬಂದ್. ಪತ್ರ ಬರೆದವನು ಉತ್ತರಕ್ಕೆ ಋತು ತಿರುಗುವುದನ್ನೇ ಕಾಯಬೇಕು.

ಆ ದೂರ ದೊಡ್ಡದು, ಆದರೆ ಪ್ರಾಮಾಣಿಕವಾದದ್ದು. ಮಳೆಗಾಲದಲ್ಲಿ ಯಾರೂ ಬರಲಾರರೆಂದು ಎಲ್ಲರಿಗೂ ಗೊತ್ತಿತ್ತು. ಕಡಲು ಮುಚ್ಚಿದರೆ ಸುಲ್ತಾನನಿಗೂ ಮುಚ್ಚಿತು, ಆಳಿಗೂ ಮುಚ್ಚಿತು. ಬಾರದ ಮಗನನ್ನು ತಾಯಿ ದೂರಲಿಲ್ಲ, ಮಗನೂ ತನ್ನನ್ನು ತಾನೇ ದೂರಿಕೊಳ್ಳಲಿಲ್ಲ. ಗಾಳಿಯನ್ನು ದೂರಿದರು.

ಹಡಗಿನ ಕಾಲವೂ ಹಾಗೆಯೇ. ಕಳೆದ ಶತಮಾನದ ನಡುವಿನಲ್ಲಿ ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಬ್ರಿಟಿಷ್ ಇಂಡಿಯ ಕಂಪೆನಿಯ ಹಡಗುಗಳು ಓಡುತ್ತಿದ್ದವು. ಅವುಗಳಲ್ಲೊಂದಾದ 'ದಾರಾ' 1961ರ ಏಪ್ರಿಲ್ 8ರಂದು ದುಬೈಯ ಹತ್ತಿರ ಸ್ಫೋಟಗೊಂಡು 238 ಜನ ಸತ್ತರು. ಕೊನೆಯದಾದ 'ದ್ವಾರಕಾ' 1982ರಲ್ಲಿ ನಿಂತಿತು. ಡೆಕ್ಕಿನ ಮೇಲೆ ಚಾಪೆ ಹಾಸಿ, ಬಂದರಿನಿಂದ ಬಂದರಿಗೆ ನಿಂತು ನಿಂತು ಹೋದ ಆ ಜನ ತಮ್ಮ ಊರು ದೂರದಲ್ಲಿದೆಯೆಂದು ಮೈಯಿಂದಲೇ ತಿಳಿದಿದ್ದರು. ಯಾರೂ ಅವರಿಗೆ "ಇಲ್ಲೇ ಹತ್ತಿರ" ಎಂದು ಹೇಳುತ್ತಿರಲಿಲ್ಲ.

ಆ ಕಾಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ನನ್ನ ಮಾತು ಬೇರೆ. ಗಾಳಿ ಮುಚ್ಚುತ್ತಿದ್ದ ದಾರಿಯನ್ನು ಈಗ ಮನುಷ್ಯರು ಮುಚ್ಚುತ್ತಾರೆ. ಗಾಳಿ ಎಲ್ಲರಿಗೂ ಸಮಾನವಾಗಿ ಮುಚ್ಚುತ್ತಿತ್ತು, ಮನುಷ್ಯರು ಆರಿಸಿ ಮುಚ್ಚುತ್ತಾರೆ. ಆ ಮುಚ್ಚುವಿಕೆಯನ್ನು ಮರೆಮಾಡಲು ನಮಗೆ ಒಂದು ಸಂಖ್ಯೆಯನ್ನು ಕೊಟ್ಟಿದ್ದಾರೆ.

ಉದಾಹರಣೆ ಬೇಕೇ? ದೋಹಾದಿಂದ ದುಬೈಗೆ ಸುಮಾರು 380 ಕಿಲೋಮೀಟರ್, ವಿಮಾನದಲ್ಲಿ ಒಂದು ಗಂಟೆ. 2017ರ ಜೂನಿನಲ್ಲಿ ಕತಾರಿಗೂ ನೆರೆಯ ದೇಶಗಳಿಗೂ ಮುರಿದುಬಿತ್ತು. 2021ರ ಜನವರಿಯವರೆಗೆ, ಅಂದರೆ ಮೂರೂವರೆ ವರ್ಷ, ಆ ಎರಡು ಪಟ್ಟಣಗಳ ನಡುವೆ ನೇರ ವಿಮಾನವೇ ಇರಲಿಲ್ಲ. ಮಸ್ಕತ್ತನ್ನೋ ಕುವೈತನ್ನೋ ಸುತ್ತಿ ಹೋಗಬೇಕಿತ್ತು. ನಮ್ಮ ಮನೆಗಳಲ್ಲಿ ಒಬ್ಬ ಮಗ ದೋಹಾದಲ್ಲಿ, ಇನ್ನೊಬ್ಬ ದುಬೈಯಲ್ಲಿ ಇರುವುದು ಅಪರೂಪವಲ್ಲ. ಅವರ ನಡುವೆ ಒಂದು ಗಂಟೆ ಒಂದೇ ದಿನದಲ್ಲಿ ಅರ್ಧ ದಿನವಾಯಿತು. ಇನ್ನೂ ದೂರದ್ದು ನೋಡಿ. ಹೆಲ್ಸಿಂಕಿಯಿಂದ ಟೋಕಿಯೋಗೆ ರಷ್ಯದ ಆಕಾಶದ ಮೇಲೆ ಹತ್ತು ಗಂಟೆಯೊಳಗೆ ಮುಗಿಯುತ್ತಿದ್ದ ಹಾರಾಟ, 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಸುಮಾರು ಹದಿಮೂರು ಗಂಟೆಯಾಯಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಡುವಣಕ್ಕೆ ಹೋಗುವವರೆಲ್ಲ ಸುತ್ತು ಹಾಕಬೇಕಾಯಿತು. ಯಾವ ಊರೂ ಇದ್ದಲ್ಲಿಂದ ಅಲುಗಾಡಿರಲಿಲ್ಲ.

ಹೊರಡುವ ಅನುಮತಿಯ ವಿಚಾರವೂ ನಮ್ಮ ಮನೆಯೊಂದರ ಕತೆಯಲ್ಲ. ಕತಾರಿನಲ್ಲಿ ಕೆಲಸಗಾರ ದೇಶ ಬಿಟ್ಟು ಹೊರಡಬೇಕಾದರೆ ಮಾಲಿಕನ ಒಪ್ಪಿಗೆ ಚೀಟಿ ಬೇಕೆಂಬ ನಿಯಮ ಹೆಚ್ಚಿನವರ ಮಟ್ಟಿಗೆ ಹೋದದ್ದು 2018ರಲ್ಲಿ, ಮನೆಗೆಲಸದವರಿಗೆ 2020ರಲ್ಲಿ. ಸೌದಿಯಲ್ಲಿ ಅದು ಸಡಿಲವಾದದ್ದು 2021ರಲ್ಲಿ. ಅಷ್ಟು ವರ್ಷ ನಮ್ಮ ಸಾವಿರಾರು ಮಕ್ಕಳಿಗೆ ಊರಿನ ದೂರವನ್ನು ಅಳೆದದ್ದು ಭೂಗೋಳವಲ್ಲ, ಒಬ್ಬ ಮನುಷ್ಯನ ಸಹಿ.

* * *

ಮೂರೂವರೆ ಗಂಟೆಯೊಳಗೆ ಬೇರೆಯವರ ಬದುಕೂ ಅಡಗಿದೆ. 2010ರ ಮೇ 22ರ ಬೆಳಿಗ್ಗೆಯನ್ನು ಈ ಸೀಮೆಯಲ್ಲಿ ಮರೆತವರಿಲ್ಲ. ದುಬೈಯಿಂದ ನಡುರಾತ್ರಿ ಕಳೆದ ಮೇಲೆ ಹೊರಟ ವಿಮಾನ ಬಜಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ಮೀರಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಹೋದರು, ಎಂಟು ಮಂದಿ ಉಳಿದರು. ಕಾಸರಗೋಡು ಜಿಲ್ಲೆಯ ಎಷ್ಟೋ ಅಂಗಳಗಳಿಗೆ ಅಂದು ಶವಗಳು ಬಂದವು. ಸರಕಾರದ ತನಿಖೆ ಹೇಳಿದ್ದೇನು? ವಿಮಾನದ ಮುಖ್ಯ ಚಾಲಕ ಒಂದೂ ಮುಕ್ಕಾಲು ಗಂಟೆಯಷ್ಟು ಹೊತ್ತು ನಿದ್ದೆಯಲ್ಲಿದ್ದರು. ಎದ್ದ ಮೇಲೆ ನಿದ್ದೆಯ ಜಡ ಬಿಟ್ಟಿರಲಿಲ್ಲ. ಇಳಿಯುವುದು ಬೇಡ, ಮತ್ತೆ ಏರಿ ಸುತ್ತಿ ಬರೋಣ ಎಂದು ಸಹಚಾಲಕ ಮೂರು ಸಲ ಹೇಳಿದರೂ ಇಳಿಸಿದರು.

ಸತ್ತವರನ್ನು ದೂರುವುದು ನಮ್ಮ ಪದ್ಧತಿಯಲ್ಲ, ನಾನೂ ದೂರುತ್ತಿಲ್ಲ. ನಾನು ಕೇಳುವುದು ಬೇರೆ. ನಡುರಾತ್ರಿಯ ವಿಮಾನ ಯಾಕೆ? ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತು ನಷ್ಟ. ಆದ್ದರಿಂದ ಹಗಲೂ ರಾತ್ರಿಯೂ ಅದು ಹಾರುತ್ತಿರಬೇಕು. ನಮ್ಮವರಿಗೂ ಒಂದು ದಿನದ ಸಂಬಳ ಉಳಿದರೆ ಸಾಕು. ಸಂಜೆಯವರೆಗೆ ದುಡಿದು, ರಾತ್ರಿ ಹೊರಟು, ನಸುಕಿಗೆ ಊರಲ್ಲಿ ಇಳಿಯುವುದು ಅನುಕೂಲ. ಹೀಗೆ ಎಲ್ಲರ ನಿದ್ದೆಯನ್ನೂ ಕಡಿದು ಕಟ್ಟಿದ ಮೂರೂವರೆ ಗಂಟೆ ಅದು. 2,460 ಕಿಲೋಮೀಟರ್ ದಾಟಿ ಬಂದವರಿಗೆ ಕೊನೆಗೆ ಸುಮಾರು 2,450 ಮೀಟರಿನ ಓಡುದಾರಿ ಸಾಲಲಿಲ್ಲ. ಹತ್ತು ವರ್ಷ ಕಳೆದು 2020ರ ಆಗಸ್ಟ್ 7ರಂದು, ದುಬೈಯಿಂದಲೇ ಬಂದ ಇನ್ನೊಂದು ವಿಮಾನ ಕರಿಪ್ಪೂರಿನ ಗುಡ್ಡದಿಂದ ಜಾರಿತು. "ಮೂರೂವರೆ ಗಂಟೆ ಅಷ್ಟೇ" ಎನ್ನುವಾಗ 'ಅಷ್ಟೇ' ಎಂಬ ಪದವನ್ನಾದರೂ ನಾವು ನುಂಗಿಕೊಳ್ಳಬೇಕು.

ಆ 2020ನೇ ಇಸವಿ ನಮಗೆ ಇನ್ನೊಂದು ಪಾಠವನ್ನೂ ಕಲಿಸಿತು. ಮಾರ್ಚಿನಲ್ಲಿ ಹೊರದೇಶದ ವಿಮಾನಗಳೆಲ್ಲ ನಿಂತವು. ಮೇ 7ರಿಂದ ಸರಕಾರ ವಿಶೇಷ ವಿಮಾನಗಳನ್ನು ಹೊರಡಿಸುವವರೆಗೆ ದುಬೈ ಮೂರೂವರೆ ಗಂಟೆಯೂ ಅಲ್ಲ, ಮೂರೂವರೆ ದಿನವೂ ಅಲ್ಲ. ಅದು ಚಂದ್ರಲೋಕ. ಅದೇ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಗಡಿಯ ಒಳದಾರಿಗಳಿಗೆ ಮಣ್ಣು ಬಿತ್ತು. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್. ಮಂಜೇಶ್ವರದಿಂದ ಇನ್ನೂ ಹತ್ತಿರ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಎಳೆದ ಮೇಲೂ ನಮ್ಮ ಆಸ್ಪತ್ರೆ ಮಂಗಳೂರೇ ಆಗಿತ್ತು. ಅಂದು ಆ ದಾರಿಯಲ್ಲಿ ಆಸ್ಪತ್ರೆ ತಲುಪಲಾಗದೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ಕೊಟ್ಟಿತು, ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ ಒಂದು ಒಪ್ಪಂದವಾಯಿತು. ಸತ್ತವರು ಮರಳಿ ಬರಲಿಲ್ಲ.

ಇದನ್ನು ಇಲ್ಲಿ ತಂದದ್ದು ಯಾಕೆಂದರೆ, ದೂರ ಎಂಬುದನ್ನು ಯಾರು ಮಾಡುತ್ತಾರೆ ಎಂದು ಗಡಿಯಲ್ಲಿ ಬದುಕುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ಇಪ್ಪತ್ತು ಕಿಲೋಮೀಟರನ್ನು ಒಂದು ಲೋಡು ಮಣ್ಣು ಎರಡು ಸಾವಿರ ಕಿಲೋಮೀಟರ್ ಮಾಡಬಲ್ಲದೆಂದು ಕಣ್ಣಾರೆ ಕಂಡವರು ನಾವು. ಕಂಡ ಮೇಲೂ ಸಭೆಯಲ್ಲಿ ಕುಳಿತು "ದುಬೈ ಹತ್ತಿರ" ಎಂಬ ಮಾತಿಗೆ ಚಪ್ಪಾಳೆ ತಟ್ಟುತ್ತೇವಲ್ಲ, ಇದು ನನಗೆ ಸೋಜಿಗ.

ತಿರುವನಂತಪುರದ ಹೋಲಿಕೆಯೂ ಇದೇ ಕಾರಣಕ್ಕೆ ಪೊಳ್ಳು. ಆರುನೂರು ಕಿಲೋಮೀಟರಿಗೆ ತುಸು ಕಡಿಮೆ ದಾರಿ, ದೂರದ್ದೇ. ನಮ್ಮ ಭಾಷೆಯ ಅಳಲನ್ನು ಹೊತ್ತು ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬಂದವರಲ್ಲಿ ನಾನೂ ಒಬ್ಬ. ಆದರೆ ಅಲ್ಲಿಗೆ ಹೋಗಲು ಯಾರ ಕಪಾಟಿನ ಬೀಗದ ಕೈಯೂ ಬೇಕಾಗಿಲ್ಲ. ಇವತ್ತು ರಾತ್ರಿ ಮನಸ್ಸಾದರೆ ಇವತ್ತೇ ರಾತ್ರಿ ಹೊರಡಬಹುದು. ಸೀಟಿಲ್ಲದಿದ್ದರೆ ರೈಲಿನ ಬಾಗಿಲಲ್ಲಿ ಕುಳಿತಾದರೂ ಹೋಗಬಹುದು. ಹಾಗೆ ಹೊರಡಲು ಆಗುವ ಊರು ಎಂಟು ಗಂಟೆ ಆಚೆಗಿದ್ದರೂ ಹತ್ತಿರ. ಆಗದ ಊರು ಮೂರೂವರೆ ಗಂಟೆ ಆಚೆಗಿದ್ದರೂ ದೂರ.

* * *

ಈ ಸಂಚಿಕೆಯಲ್ಲಿ ನಮ್ಮೊಡನೆ ಪುಟ ಹಂಚಿಕೊಂಡ ಮಲಯಾಳದ ಗೆಳೆಯರಿಂದ ಒಂದು ಪದವನ್ನು ಎರವಲು ಕೇಳಬೇಕಾಗಿದೆ. ಅವರು ಹೊರನಾಡಿನಲ್ಲಿ ದುಡಿಯುವವನನ್ನು 'ಪ್ರವಾಸಿ' ಎನ್ನುತ್ತಾರೆ. ನಾವು ಕನ್ನಡದಲ್ಲಿ 'ಪ್ರವಾಸಿ' ಎಂದರೆ ಬೇಲೂರು ಹಳೇಬೀಡು ನೋಡಲು ಹೋದವನು, ಕೊರಳಲ್ಲಿ ಕ್ಯಾಮೆರಾ ತೂಗುಹಾಕಿದವನು. ಅವನಿಗೆ ಅವರಲ್ಲಿ 'ವಿನೋದಸಂಚಾರಿ' ಎಂಬ ಬೇರೆ ಹೆಸರುಂಟು. ಪದ ಒಂದೇ, ಒಬ್ಬರಿಗೆ ಅದು ಅಗಲಿಕೆ, ಇನ್ನೊಬ್ಬರಿಗೆ ವಿಹಾರ. ಒಂದೇ ಅಂಗಳದ ಎರಡು ಬೇಲಿಗಳ ನಡುವೆ ಬದುಕುವ ನಾವು ಈ ವ್ಯತ್ಯಾಸವನ್ನು ಗಮನಿಸಬೇಕು.

ಮಲಯಾಳ ಈ ಬದುಕಿಗೆ ಹೆಸರು ಕೊಟ್ಟಿತು. ಹೆಸರು ಕೊಟ್ಟದ್ದರಿಂದ ಅದರ ಬಗ್ಗೆ ಕತೆ ಬರೆಯಿತು, ಹಾಡು ಕಟ್ಟಿತು. ಬೆನ್ಯಾಮಿನ್ ಅವರ 'ಆಡುಜೀವಿತಂ' 2008ರಲ್ಲಿ ಬಂತು. ಹೊರನಾಡಿನ ಕೇರಳೀಯರಿಗಾಗಿಯೇ 1996ರಲ್ಲಿ 'ನೋರ್ಕಾ' ಎಂಬ ಸರಕಾರಿ ಇಲಾಖೆ ಹುಟ್ಟಿತು. ಅದರ ಬಾಗಿಲು ಕಾಸರಗೋಡಿನ ಕನ್ನಡಿಗನಿಗೂ ತೆರೆದಿದೆ. ಎಷ್ಟು ಮಂದಿ ತಟ್ಟಿದ್ದೇವೆ? ನಮ್ಮಲ್ಲಿ ಅವನಿಗೆ ಹೆಸರೇ ಇಲ್ಲ. "ಅವನು ಗಲ್ಫಿನಲ್ಲಿದ್ದಾನೆ" ಎಂದು ಮುಗಿಸುತ್ತೇವೆ. ಹೆಸರಿಲ್ಲದ ನೋವಿಗೆ ಸಂಖ್ಯೆಯೊಂದನ್ನು ಅಂಟಿಸಿ ಬಿಟ್ಟಿದ್ದೇವೆ: ಮೂರೂವರೆ ಗಂಟೆ.

ಇದರಿಂದ ಭಾಷೆಗೆ ಆದ ನಷ್ಟವನ್ನು ಹೇಳದೆ ಮುಗಿಸಲಾರೆ. ಅಣ್ಣನ ಮಗಳು ಅಲ್ಲಿಯ ಶಾಲೆಯಲ್ಲಿ ಓದಿದಳು. ಆ ಶಾಲೆಯಲ್ಲಿ ಹಿಂದಿ ಇತ್ತು, ಮಲಯಾಳ ಇತ್ತು, ಕನ್ನಡ ಇರಲಿಲ್ಲ. "ಹೇಗೂ ಹತ್ತಿರವಲ್ಲವೇ, ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿ ಕಲಿಸುತ್ತಾರೆ" ಎಂದೆವು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ, ಅದರಲ್ಲಿ ಎರಡು ಮದುವೆ, ಒಂದು ಜ್ವರ. ಅಜ್ಜಿ ಅ ಆ ಇ ಈವರೆಗೆ ತಲುಪುವಾಗ ವಿಮಾನದ ದಿನ ಬಂದಿರುತ್ತಿತ್ತು. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಮಾತಾಡುತ್ತಾಳೆ, ಓದಲಾರಳು. ಈ ಲೇಖನವನ್ನೂ ಅವಳು ಓದಲಾರಳು. ಅದು ದೂರವೆಂದು ಮೊದಲೇ ಒಪ್ಪಿಕೊಂಡಿದ್ದರೆ, ದೂರಕ್ಕೆ ತಕ್ಕ ಏರ್ಪಾಡು ಮಾಡುತ್ತಿದ್ದೆವು. ವಾರಕ್ಕೊಂದು ಪತ್ರವಾದರೂ ಕನ್ನಡದಲ್ಲಿ ಬರೆಸುತ್ತಿದ್ದೆವು. ಹತ್ತಿರವೆಂದು ನಂಬಿ ಕೈಬಿಟ್ಟೆವು.

"ಗಲ್ಫಿನ ದುಡ್ಡಿನಿಂದ ಮನೆ ಕಟ್ಟಿದಿರಿ, ತಂಗಿಯ ಮದುವೆ ಮಾಡಿದಿರಿ, ಈಗ ಉಪದೇಶ ಮಾಡುತ್ತೀರಿ" ಎನ್ನುವವರಿಗೆ ನನ್ನ ಉತ್ತರ ಇಷ್ಟು. ನಿಜ, ಕಟ್ಟಿದೆವು. ಆ ಮನೆಯ ಒಂದೊಂದು ಕಲ್ಲಿಗೂ ಅಣ್ಣನ ಒಂದೊಂದು ಓಣಂ, ದೀಪಾವಳಿ ಖರ್ಚಾಗಿದೆ. ಉಪಕಾರವನ್ನು ನಾನು ಅಲ್ಲಗಳೆಯುತ್ತಿಲ್ಲ. ಅದರ ಬೆಲೆಯನ್ನು ಮುಚ್ಚಿಡಬೇಡಿ ಎನ್ನುತ್ತಿದ್ದೇನೆ. ಕೊಟ್ಟವನು ಎಷ್ಟು ಕೊಟ್ಟ ಎಂಬುದನ್ನು ಕಡಿಮೆ ಮಾಡಿ ಹೇಳುವುದು ಕೃತಜ್ಞತೆಯಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಕೇಳುತ್ತಿಲ್ಲ. ಊರು ಬಿಡುವ ಮಗನಿಗೆ ಪಾಸ್‌ಪೋರ್ಟು ತನ್ನ ಕೈಯಲ್ಲೇ ಇರಬೇಕೆಂಬ ಹಕ್ಕನ್ನು ಉಪ್ಪಿನಕಾಯಿಯ ಭರಣಿಗಿಂತ ಮೊದಲು ಕಟ್ಟಿಕೊಡೋಣ. ಸಾವು, ರೋಗಗಳಿಗೆಂದು ಪ್ರತಿ ವಿಮಾನದಲ್ಲಿ ಎರಡು ಸೀಟನ್ನು ಕೊನೆಯ ಗಳಿಗೆಯವರೆಗೆ ಸಾಮಾನ್ಯ ದರಕ್ಕೆ ಕಾದಿಡಬೇಕೆಂದು ನಮ್ಮ ಸಂಘಗಳು ಸರಕಾರವನ್ನು ಕೇಳಲಿ. ಹಬ್ಬಕ್ಕೆ ಕಲಾತಂಡ ಕರೆಸುವ ಉತ್ಸಾಹದಲ್ಲಿ ಕಾಲುಪಾಲು ಇದಕ್ಕೆ ಸಾಕು. ತಲಪಾಡಿಯಲ್ಲಿ ರೋಗಿಯ ಗಾಡಿಯನ್ನು ಯಾವ ಕಾಲದಲ್ಲಿಯೂ ತಡೆಯುವಂತಿಲ್ಲವೆಂದು ಎರಡು ಸರಕಾರಗಳೂ ಶಾಶ್ವತವಾಗಿ ಬರೆದುಕೊಡಲಿ. ಮನೆಗಳಲ್ಲಿ, ವಯಸ್ಸಾದವರು ಬದುಕಿರುವಾಗಲೇ ಕುಳಿತು ಮಾತಾಡೋಣ: ಹೀಗಾದರೆ ಯಾರು ಬರಬಲ್ಲರು, ಎಷ್ಟು ಹೊತ್ತು ಕಾಯಬೇಕು, ಕಾಯಲಾಗದಿದ್ದರೆ ಯಾರು ನಿಲ್ಲಬೇಕು. ಆ ಮಾತು ಕಹಿ. ಆದರೆ ಮಳೆಯಲ್ಲಿ ನಿಂತು ಆಡುವುದು ಇನ್ನೂ ಕಹಿ.

ಎಲ್ಲಕ್ಕಿಂತ ಮೊದಲು, ಆ ಸಂಖ್ಯೆಯನ್ನು ನಾಲಗೆಯಿಂದ ಇಳಿಸೋಣ. ವಿಮಾನದ ಹೊತ್ತನ್ನು ವಿಮಾನದವರು ಹೇಳಲಿ, ಅದು ಅವರ ಕಸುಬು. ಮನುಷ್ಯನ ದೂರವನ್ನು ಹೇಳುವ ಅಧಿಕಾರ ಕಾದು ಕುಳಿತವರದ್ದು.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಮೊನ್ನೆ ಮನೆಗೆ ಬಂದ ಹೊಸ ಅಂಚೆಯವಳು ಜಗಲಿಯಲ್ಲಿ ಕುಳಿತು ನೀರು ಕುಡಿಯುತ್ತಾ ಕೇಳಿದಳು: "ದೊಡ್ಡ ಮಗ ದುಬೈಯಲ್ಲಲ್ವಾ ಅಮ್ಮಾ, ಅದು ಇಲ್ಲಿಂದ ಎಷ್ಟು ದೂರ?" ನಾನು ಒಳಗಿನಿಂದ ಕಿವಿ ಕೊಟ್ಟೆ. ಅಮ್ಮ ಗಂಟೆಯನ್ನೂ ಹೇಳಲಿಲ್ಲ, ಕಿಲೋಮೀಟರನ್ನೂ ಹೇಳಲಿಲ್ಲ.

"ರಜೆ ಸಿಕ್ಕಿದರೆ ಹತ್ತಿರ ಮಗಾ" ಎಂದರು.